ಹೊಳಪು ಇಳಿದರೆ ಸಾಕಾ? ಪೆಟ್ ಸ್ಕ್ಯಾನ್ ರೂಮಿನಿಂದ ಒಂದಿಷ್ಟು ಮಾತು

ಸ್ಕ್ಯಾನ್ ಮುಗಿಸಿ ಹೊರಗೆ ಬಂದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಕಡಿಮೆ ಆಗಿದೆಯಾ?"

ರಿಪೋರ್ಟ್ ಬರೆಯುವುದು ಡಾಕ್ಟರ್, ನಾನಲ್ಲ. ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್. ಇಂಜೆಕ್ಷನ್ ಕೊಡುವುದು, ಟೇಬಲ್ ಮೇಲೆ ಮಲಗಿಸುವುದು, ಮಷಿನ್ ನಡೆಸುವುದು ನನ್ನ ಕೆಲಸ. ಹಾಗಾಗಿ "ಡಾಕ್ಟರ್ ಹೇಳ್ತಾರೆ, ನಾಳೆ ಬನ್ನಿ" ಎಂದು ಸುಮ್ಮನಾಗುತ್ತೇನೆ. ಆದರೆ ಸ್ಕ್ರೀನನ್ನು ನಾನೂ ನೋಡಿರುತ್ತೇನೆ, ಅದು ಅವರಿಗೂ ಗೊತ್ತು. ನನ್ನ ಮುಖವನ್ನೇ ಓದಲು ನೋಡುತ್ತಾರೆ. ಮುಖ ಖಾಲಿ ಇಟ್ಟುಕೊಳ್ಳುವುದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡಲಿಲ್ಲ, ಕೆಲಸ ಮಾಡುತ್ತಾ ತಾನಾಗಿ ಬಂತು.

ಶ್ವಾಸಕೋಶದ ಕ್ಯಾನ್ಸರ್ ಇರುವವರು ನಮ್ಮಲ್ಲಿಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ ಬರುತ್ತಾರೆ. ಮೊದಲ ಸ್ಕ್ಯಾನ್, ರೋಗ ಎಲ್ಲೆಲ್ಲಿ ಹರಡಿದೆ ಎಂದು ನೋಡಲು. ಆಮೇಲಿನವು, ಕೊಟ್ಟ ಔಷಧಿ ಕೆಲಸ ಮಾಡುತ್ತಿದೆಯಾ ಎಂದು ತಿಳಿಯಲು. ಮೊದಲ ಸಲ ಬಂದವರಿಗೆ ಏನೂ ಗೊತ್ತಿರುವುದಿಲ್ಲ, ಭಯ ಒಂದೇ. ಎರಡನೇ ಸಲಕ್ಕೆ ಮನೆಯವರು ಅರ್ಧ ಡಾಕ್ಟರ್ ಆಗಿರುತ್ತಾರೆ. ಹಳೇ ರಿಪೋರ್ಟಿನಲ್ಲಿ 'ಎಸ್‌ಯುವಿ ಮ್ಯಾಕ್ಸ್' ಎಂದು ಇರುವ ಕಡೆಗೆಲ್ಲ, ಅಂದರೆ ಗಡ್ಡೆ ಚಿತ್ರದಲ್ಲಿ ಎಷ್ಟು ಹೊಳೆಯಿತು ಎಂದು ಹೇಳುವ ಸಂಖ್ಯೆಗೆ, ಪೆನ್ನಿನಲ್ಲಿ ಗೆರೆ ಎಳೆದು ತಂದಿರುತ್ತಾರೆ. ಹೋದ ಸಲ 12 ಇತ್ತು, ಈಗ ಎಷ್ಟು? ಮಕ್ಕಳ ಮಾರ್ಕ್ಸ್ ಕಾರ್ಡ್ ನೋಡುವ ಆತಂಕವೇ ಅದು. ಇಲ್ಲಿ ಕಡಿಮೆ ಬಂದಷ್ಟೂ ಖುಷಿ, ಅಷ್ಟೇ ವ್ಯತ್ಯಾಸ.

ಆ ಸಂಖ್ಯೆ ಸುಳ್ಳಲ್ಲ. ಆದರೆ ಅದನ್ನು ಒಂಟಿಯಾಗಿ ಓದಿದರೆ ದಾರಿ ತಪ್ಪಿಸುತ್ತದೆ. ಯಾವಾಗ ತೆಗೆದದ್ದು, ಹೇಗೆ ತೆಗೆದದ್ದು, ಹೋದ ಸಲದ ಹಾಗೆಯೇ ತೆಗೆದದ್ದಾ ಎಂಬ ಮೂರು ಪ್ರಶ್ನೆ ಕೇಳದೆ 'ಕಡಿಮೆ ಆಯಿತು' ಅನ್ನುವ ಹಾಗಿಲ್ಲ, 'ಜಾಸ್ತಿ ಆಯಿತು' ಅನ್ನುವ ಹಾಗೂ ಇಲ್ಲ. ಇದನ್ನು ಸ್ಕ್ಯಾನ್ ರೂಮಿನ ಬಾಗಿಲಲ್ಲಿ ನಿಂತು ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಸಿಟಿ ಸ್ಕ್ಯಾನ್ ಇರುವಾಗ ಈ ಪೆಟ್ ಸ್ಕ್ಯಾನ್ ಯಾಕೆ ಬೇಕು? ಸಿಟಿ ಗಡ್ಡೆಯ ಅಳತೆ ಹೇಳುತ್ತದೆ. ರೆಸಿಸ್ಟ್ ಎಂಬ ನಿಯಮಗಳಿವೆ. ಆರಿಸಿಕೊಂಡ ಗಡ್ಡೆಗಳ ಉದ್ದದ ಮೊತ್ತ ಶೇ. 30ರಷ್ಟು ಇಳಿದರೆ ಚಿಕಿತ್ಸೆ ಫಲ ಕೊಟ್ಟಿದೆ, ಶೇ. 20ರಷ್ಟು ಏರಿದರೆ ರೋಗ ಬೆಳೆದಿದೆ ಎಂದು ಲೆಕ್ಕ. ಇವತ್ತಿಗೂ ಹೆಚ್ಚಿನ ಕಡೆ ಚಿಕಿತ್ಸೆ ನಡೆಯುವುದು ಈ ಅಳತೆಯ ಮೇಲೆಯೇ. ಆದರೆ ಸತ್ತ ಗಡ್ಡೆ ಕೂಡಲೇ ಮಾಯ ಆಗುವುದಿಲ್ಲ. ಗಾಯದ ಕಲೆ ಉಳಿದ ಹಾಗೆ ಅಲ್ಲೇ ಇರುತ್ತದೆ. ಸಿಟಿಯಲ್ಲಿ ಕಾಣುವ ಆ 2 ಸೆಂಟಿಮೀಟರ್ ಉಂಡೆಯಲ್ಲಿ ಜೀವ ಇದೆಯಾ ಇಲ್ಲವಾ ಎಂದು ಹೇಳುವುದು ಕಷ್ಟ. ಶ್ವಾಸಕೋಶದಲ್ಲಿ ಇನ್ನೊಂದು ತೊಡಕಿದೆ. ಗಡ್ಡೆ ಗಾಳಿಯ ಕೊಳವೆಯನ್ನು ಒತ್ತಿದರೆ ಅದರ ಮುಂದಿನ ಭಾಗ ಗಾಳಿಯಿಲ್ಲದೆ ಕುಸಿಯುತ್ತದೆ. ಸಿಟಿಯಲ್ಲಿ ಗಡ್ಡೆ ಎಲ್ಲಿ ಮುಗಿಯಿತು, ಕುಸಿದ ಶ್ವಾಸಕೋಶ ಎಲ್ಲಿ ಶುರುವಾಯಿತು ಎಂದು ಎಷ್ಟೋ ಸಲ ಗೊತ್ತಾಗುವುದೇ ಇಲ್ಲ. ಪೆಟ್ ಚಿತ್ರದಲ್ಲಿ ಗಡ್ಡೆ ಹೊಳೆಯುತ್ತದೆ, ಕುಸಿದ ಭಾಗ ಮಂಕಾಗಿರುತ್ತದೆ.

ಹೊಳೆಯುವುದು ಸಕ್ಕರೆಯಿಂದ. 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಓಟ್ಟೊ ವಾರ್ಬರ್ಗ್ ಗಮನಿಸಿದ್ದು ಇದನ್ನೇ. ಕ್ಯಾನ್ಸರ್ ಜೀವಕೋಶಗಳು ಮಾಮೂಲಿ ಜೀವಕೋಶಗಳಿಗಿಂತ ತುಂಬಾ ಜಾಸ್ತಿ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಯಾಕೆ ಹಾಗೆ ಎಂದು ಅವರು ಕೊಟ್ಟ ಕಾರಣ ಮುಂದೆ ಪೂರ್ತಿ ನಿಲ್ಲಲಿಲ್ಲ. ಆದರೆ ಕಂಡದ್ದು ನಿಜವಾಗಿತ್ತು. ನಾವು ಕೊಡುವ ಎಫ್‌ಡಿಜಿ ಗ್ಲೂಕೋಸಿನ ವೇಷದಲ್ಲಿರುವ ವಸ್ತು, ಅದರ ಒಂದು ಮೂಲೆಯಲ್ಲಿ ವಿಕಿರಣ ಸೂಸುವ ಫ್ಲೋರಿನ್-18 ಕೂತಿರುತ್ತದೆ. ಜೀವಕೋಶ ಸಕ್ಕರೆ ಎಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗಿನ ಕಿಣ್ವ ಅದಕ್ಕೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಅಲ್ಲಿಗೆ ಮುಗಿಯಿತು. ಮುಂದಿನ ಹಂತಕ್ಕೆ ಹೋಗಲು ಅದಕ್ಕೆ ಬರುವುದಿಲ್ಲ, ಹೊರಗೆ ಬರಲೂ ಆಗುವುದಿಲ್ಲ. ಸಿಕ್ಕಿಹಾಕಿಕೊಳ್ಳುತ್ತದೆ. ಫ್ಲೋರಿನ್-18 ಬಿಡುವ ಪಾಸಿಟ್ರಾನ್ ಎಂಬ ಕಣ ಪಕ್ಕದ ಎಲೆಕ್ಟ್ರಾನಿಗೆ ಸಿಕ್ಕಿ ಎರಡೂ ಇಲ್ಲವಾಗುತ್ತವೆ. ಆ ಜಾಗದಿಂದ ಎರಡು ಕಿರಣ ಎದುರುಬದುರು ದಿಕ್ಕಿಗೆ ಹೊರಡುತ್ತವೆ. ಸುತ್ತಲಿನ ಉಂಗುರದಲ್ಲಿ ಒಂದೇ ಕ್ಷಣಕ್ಕೆ ಎರಡು ಕಡೆ ಕಿರಣ ಬಡಿದರೆ, ಆ ಎರಡರ ನಡುವಿನ ಗೆರೆಯ ಮೇಲೆ ಎಲ್ಲೋ ಆ ಸಕ್ಕರೆ ಇದೆ ಎಂದು ಮಷಿನ್ ಬರೆದುಕೊಳ್ಳುತ್ತದೆ. ಇಂಥ ಕೋಟಿಗಟ್ಟಲೆ ಗೆರೆ ಸೇರಿ ಚಿತ್ರ ಆಗುತ್ತದೆ.

ಮನುಷ್ಯರಿಗೆ ಎಫ್‌ಡಿಜಿ ಮೊದಲು ಕೊಟ್ಟದ್ದು 1976ರ ಆಗಸ್ಟ್‌ನಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಅಬಾಸ್ ಅಲಾವಿಯವರ ತಂಡ. ವಸ್ತು ತಯಾರಾದದ್ದು ನ್ಯೂಯಾರ್ಕ್ ಕಡೆಯ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ. ಅಲ್ಲಿಂದ ಫಿಲಡೆಲ್ಫಿಯಾಕ್ಕೆ ಸಣ್ಣ ವಿಮಾನದಲ್ಲಿ ತಂದಿದ್ದರು. ಆಗ ಅವರು ನೋಡಬೇಕೆಂದಿದ್ದದ್ದು ಮೆದುಳನ್ನು, ಕ್ಯಾನ್ಸರನ್ನಲ್ಲ. ನಮ್ಮ ದೇಶಕ್ಕೆ ಪೆಟ್ ಬಂದದ್ದು 2002ರಲ್ಲಿ. ಮುಂಬೈನ ಪರೇಲ್‌ನಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದ (ಬಾರ್ಕ್) ರೇಡಿಯೇಶನ್ ಮೆಡಿಸಿನ್ ಸೆಂಟರ್‌ಗೆ ಇಂಥ ವಿಕಿರಣ ವಸ್ತು ತಯಾರಿಸುವ ಮೊದಲ ಮೆಡಿಕಲ್ ಸೈಕ್ಲೋಟ್ರಾನ್ ಬಂತು. 2004ರಲ್ಲಿ ಪಕ್ಕದ ಟಾಟಾ ಮೆಮೋರಿಯಲ್‌ಗೆ ಎರಡೂ ಸ್ಕ್ಯಾನ್ ಒಟ್ಟಿಗೆ ಮಾಡುವ ಪೆಟ್-ಸಿಟಿ ಮಷಿನ್ ಬಂತು.

ವಿಮಾನದ ಮಾತು ಸುಮ್ನೆ ತೆಗೆಯಲಿಲ್ಲ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಬೆಳಿಗ್ಗೆ 6 ಗಂಟೆಗೆ 100 ಮಿಲಿಕ್ಯೂರಿ (ವಿಕಿರಣದ ಅಳತೆ) ಇದ್ದದ್ದು 7:50ಕ್ಕೆ 50, 9:40ಕ್ಕೆ 25. ಗೋಡೌನಿನಲ್ಲಿ ಇಟ್ಟುಕೊಂಡು ಬೇಕಾದಾಗ ತೆಗೆಯುವ ಔಷಧಿ ಇದಲ್ಲ. ದಪ್ಪ ಸೀಸದ ಡಬ್ಬಿಯಲ್ಲಿ ಅದನ್ನು ಹೊತ್ತು ತರುವ ಗಾಡಿ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡರೆ ನಮ್ಮ ಇಡೀ ದಿನದ ಪಟ್ಟಿ ಅಲ್ಲಾಡುತ್ತದೆ. "ಎಂಟಕ್ಕೆ ಬನ್ನಿ ಅಂದ್ರಿ, ಹತ್ತಾಯ್ತು" ಎಂದು ಜನ ಬೈಯುತ್ತಾರೆ. ಬೈಯಲಿ, ಹಸಿದಿರುತ್ತಾರೆ ಪಾಪ.

ಹಸಿವಿನ ವಿಷಯಕ್ಕೇ ಬರುತ್ತೇನೆ. ರಾಣೆಬೆನ್ನೂರು ಕಡೆಯ ಒಬ್ಬರು ಅಜ್ಜಿ ನಮ್ಮಲ್ಲಿಗೆ ಬರುತ್ತಿದ್ದರು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಜೀವಮಾನವಿಡೀ ಸೌದೆ ಒಲೆ ಊದಿದವರು. ಶ್ವಾಸಕೋಶದಲ್ಲಿ ಅಡಿನೋಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರ್, ಪರೀಕ್ಷೆ ಮಾಡಿಸಿದಾಗ ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಸಿಕ್ಕಿತ್ತು. ಹಾಗಾಗಿ ಕೀಮೋ ಬೇಡ, ದಿನಕ್ಕೊಂದು ಗೆಫಿಟಿನಿಬ್ ಮಾತ್ರೆ ಎಂದಾಗಿತ್ತು. ಎರಡನೇ ಸ್ಕ್ಯಾನ್‌ಗೆ ರಾತ್ರಿ ಬಸ್ಸಿನಲ್ಲಿ ಮಗನ ಜೊತೆ ಬಂದರು. ನಾನು ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ, ಏನಾದರೂ ತಿಂದಿರಾ?

"ಇಲ್ರಿ ಯವ್ವಾ, ಏನೂ ತಿಂದಿಲ್ಲ. ಬರೇ ಒಂದ್ ಕಪ್ ಚಾ ಕುಡದೀನ್ರಿ."

"ಸಕ್ಕರೆ ಹಾಕಿದ್ದಾ?"

"ಸಕ್ರಿ ಇಲ್ದ ಚಾ ಹೆಂಗ ಕುಡೀಬೇಕ್ರಿ?"

ಮಗ ತಲೆ ಚಚ್ಚಿಕೊಂಡ. ಅವರನ್ನು ಮಧ್ಯಾಹ್ನದ ಬ್ಯಾಚಿಗೆ ಹಾಕಿದೆ. ಅಜ್ಜಿಗೆ ಬೇಜಾರಾಯಿತು, ಒಂದು ಕಪ್ ಚಹಾಕ್ಕೆ ಇಷ್ಟು ಗಲಾಟೆಯಾ ಎಂದು. ಗಲಾಟೆಗೆ ಕಾರಣ ಇದೆ. ಸಕ್ಕರೆ ಒಳಗೆ ಹೋದರೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಏರಿದರೆ ನಮ್ಮ ಎಫ್‌ಡಿಜಿಯನ್ನು ತೊಡೆ, ತೋಳು, ಹೃದಯದ ಮಾಂಸಖಂಡಗಳು ಎಳೆದುಕೊಳ್ಳುತ್ತವೆ. ಗಡ್ಡೆಯ ಪಾಲಿಗೆ ಕಡಿಮೆ ಉಳಿಯುತ್ತದೆ. ಚಿತ್ರದಲ್ಲಿ ಗಡ್ಡೆ ಮಂಕು, ರಿಪೋರ್ಟಿನಲ್ಲಿ ಸಂಖ್ಯೆ ಕಡಿಮೆ. ಮನೆಯವರು ಮಾತ್ರೆ ಕೆಲಸ ಮಾಡಿತು ಎಂದು ಖುಷಿಪಡುತ್ತಾರೆ. ಕೆಲಸ ಮಾಡಿದ್ದು ಚಹಾ. ಮೊದಲ ಸ್ಕ್ಯಾನಿನಲ್ಲಿ ಇಂಥ ಎಡವಟ್ಟು ಆದರೆ ಚಿತ್ರ ಕೆಟ್ಟಿದೆ ಎಂದು ಯಾರಿಗಾದರೂ ಅನುಮಾನ ಬರಬಹುದು. ಎರಡನೇ ಸ್ಕ್ಯಾನಿನಲ್ಲಿ ಆದರೆ ಅದು ಒಳ್ಳೇ ಸುದ್ದಿಯ ವೇಷದಲ್ಲಿ ಬರುತ್ತದೆ. ಅದಕ್ಕೇ ಕನಿಷ್ಠ 4ರಿಂದ 6 ಗಂಟೆ ಬರೀ ನೀರು ಎನ್ನುತ್ತೇವೆ. ಶುಗರ್ ಇರುವವರಿಗೆ ಬೆರಳು ಚುಚ್ಚಿ ನೋಡುತ್ತೇವೆ. 200ರ ಮೇಲಿದ್ದರೆ ಸಾಮಾನ್ಯವಾಗಿ ಇನ್ನೊಂದು ದಿನಕ್ಕೆ ಹಾಕುತ್ತೇವೆ.

ಇಂಜೆಕ್ಷನ್ ಆದಮೇಲೆ ಒಂದು ಗಂಟೆ ಸುಮ್ಮನೆ ಮಲಗಬೇಕು. ಮೊಬೈಲ್ ಬೇಡ, ಓಡಾಟ ಬೇಡ, ಮಾತು ಬೇಡ. ಅಡಿಕೆ ಜಗಿಯುವುದಂತೂ ಬೇಡವೇ ಬೇಡ, ದವಡೆಯ ಮಾಂಸಖಂಡ ಹೊಳೆಯುತ್ತದೆ. ಎಸಿ ಜೋರಾಗಿದ್ದರೆ ಕಂಬಳಿ ಹೊದಿಸುತ್ತೇವೆ. ಚಳಿಯಾದರೆ ಕುತ್ತಿಗೆ, ಹೆಗಲಿನ ಸುತ್ತ ಇರುವ ಕಂದು ಕೊಬ್ಬು ಮೈ ಬಿಸಿ ಮಾಡಲು ಹೊರಡುತ್ತದೆ. ಅದಕ್ಕೂ ಸಕ್ಕರೆ ಬೇಕು. ಶ್ವಾಸಕೋಶದ ಕ್ಯಾನ್ಸರ್ ಹರಡುವ ಗಂಟುಗಳು, ಅಂದರೆ ಲಿಂಫ್ ನೋಡ್‌ಗಳು, ಇರುವುದೂ ಅದೇ ಕುತ್ತಿಗೆ-ಹೆಗಲಿನ ಸಂದಿಯಲ್ಲಿ, ಗೊಂದಲ ಆಗದೆ ಇರುತ್ತದೆಯೇ?

ಮಾತಿನ ವಿಷಯದಲ್ಲಿ ಒಂದು ವಿಚಿತ್ರ ಇದೆ. ಕೆಲವರಿಗೆ ಧ್ವನಿ ಕೂತಿರುತ್ತದೆ. ಎಡ ಶ್ವಾಸಕೋಶದ ಗಡ್ಡೆ ಅಥವಾ ಎದೆಯೊಳಗಿನ ಗಂಟು, ಎಡ ಧ್ವನಿತಂತುವಿಗೆ ಹೋಗುವ ನರವನ್ನು ಒತ್ತಿರುತ್ತದೆ. ಆ ಕಡೆ ಅಲುಗಾಡುವುದಿಲ್ಲ, ಬಲಗಡೆಯದು ಎರಡರ ಕೆಲಸವನ್ನೂ ಮಾಡುತ್ತದೆ. ಚಿತ್ರದಲ್ಲಿ ಗಂಟಲಿನ ಬಲಕ್ಕೆ ಮಾತ್ರ ಒಂದು ಚುಕ್ಕೆ ಹೊಳೆಯುತ್ತದೆ. ಗೊತ್ತಿಲ್ಲದವರು ನೋಡಿದರೆ ಹೊಸ ಗಡ್ಡೆ ಎಂದೇ ಅಂದುಕೊಳ್ಳಬೇಕು. ಕಾಯಿಲೆ ಇರುವುದು ಹೊಳೆಯದ ಕಡೆ. ಹೀಗಾಗಿ ಧ್ವನಿ ಒಡೆದಿದ್ದರೆ ನಾನು ಫಾರ್ಮಿನ ಮೂಲೆಯಲ್ಲಿ ಬರೆದಿಡುತ್ತೇನೆ, ರಿಪೋರ್ಟ್ ಮಾಡುವ ಡಾಕ್ಟರಿಗೆ ಅದು ಬೇಕಾಗುತ್ತದೆ.

ಈಗ ಆ ಎಸ್‌ಯುವಿ. ಲೆಕ್ಕ ಸರಳ. ಕೊಟ್ಟ ಎಫ್‌ಡಿಜಿ ಇಡೀ ಮೈಗೆ ಸಮನಾಗಿ ಹರಡಿದ್ದರೆ ಎಲ್ಲ ಕಡೆ ಎಸ್‌ಯುವಿ 1 ಇರಬೇಕು. ಗಡ್ಡೆಯಲ್ಲಿ 10 ಬಂದರೆ ಸರಾಸರಿಗಿಂತ ಹತ್ತು ಪಟ್ಟು ಅಲ್ಲಿ ಸೇರಿದೆ ಎಂದರ್ಥ. ಲಿವರ್ ಸಾಮಾನ್ಯವಾಗಿ 2ರ ಆಚೀಚೆ ಇರುತ್ತದೆ, ಹಾಗಾಗಿ ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. 'ಮ್ಯಾಕ್ಸ್' ಅಂದರೆ ಗಡ್ಡೆಯಲ್ಲಿ ಅತಿ ಹೆಚ್ಚು ಹೊಳೆದ ಒಂದೇ ಒಂದು ಚುಕ್ಕೆಯ ಬೆಲೆ. ಇಡೀ ಗಡ್ಡೆಯ ಕಥೆ ಅಲ್ಲ.

ಈ ಲೆಕ್ಕದೊಳಗೆ ರೋಗಿಯ ತೂಕ ಇದೆ. ಕೊಟ್ಟ ಪ್ರಮಾಣ ಇದೆ. ಇಂಜೆಕ್ಷನ್‌ನಿಂದ ಸ್ಕ್ಯಾನ್‌ವರೆಗಿನ ಸಮಯವೂ ಅದರಲ್ಲಿ ಅಡಗಿದೆ. ಕೀಮೋದಲ್ಲಿ ಹತ್ತು ಕಿಲೋ ಇಳಿದವರಿದ್ದಾರೆ. ಹೋದ ಸಲದ ತೂಕವನ್ನೇ ಹಾಕಿಬಿಟ್ಟರೆ ಲೆಕ್ಕ ಕೆಡುತ್ತದೆ, ಅದಕ್ಕೇ ಪ್ರತಿ ಸಲ ತೂಕದ ಮಷಿನ್ ಮೇಲೆ ನಿಲ್ಲಿಸುವುದು. ಸಮಯದ ಮಾತಂತೂ ಇನ್ನೂ ನಾಜೂಕು. ಗಡ್ಡೆ ಎಫ್‌ಡಿಜಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. 60 ನಿಮಿಷಕ್ಕೆ ತೆಗೆದರೆ ಒಂದು ಸಂಖ್ಯೆ, ಅದೇ ಗಡ್ಡೆಯನ್ನು 90 ನಿಮಿಷಕ್ಕೆ ತೆಗೆದರೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ನಡುವೆ ರೋಗ ಒಂದು ಕಾಳಷ್ಟೂ ಬೆಳೆದಿಲ್ಲ. ಸೂಜಿ ಸ್ವಲ್ಪ ಜಾರಿ ಔಷಧಿ ತೋಳಿನಲ್ಲೇ ನಿಂತರೆ ಮತ್ತೊಂದು ತರಹ ತಪ್ಪು. ಮಷಿನ್ ಬದಲಾದರೆ ಇನ್ನೊಂದು.

2009ರಲ್ಲಿ ರಿಚರ್ಡ್ ವಾಲ್ ಮತ್ತು ಜೊತೆಗಾರರು ಪರ್ಸಿಸ್ಟ್ ಎಂಬ ನಿಯಮಾವಳಿ ಬರೆದದ್ದು ಈ ತಲೆನೋವಿಗೇ. ಅವರು ಮೈತೂಕದ ಬದಲು ಕೊಬ್ಬು ಬಿಟ್ಟ ತೂಕ ಬಳಸಿದರು. ಒಂದು ಚುಕ್ಕೆಯ ಬದಲು, ಹೆಚ್ಚು ಹೊಳೆಯುವ ಜಾಗದ ಸುತ್ತ ಒಂದು ಸಣ್ಣ ಗೋಳದ ಸರಾಸರಿ ತೆಗೆದರು. ಎರಡೂ ಸ್ಕ್ಯಾನ್ ಒಂದೇ ಮಷಿನ್ನಿನಲ್ಲಿ ಆಗಬೇಕು, ಕಾಯುವ ಸಮಯದಲ್ಲಿ 15 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂದರು. ಇಷ್ಟೆಲ್ಲ ಸರಿಯಿದ್ದು, ಕನಿಷ್ಠ ಶೇ. 30ರಷ್ಟು ಇಳಿದರೆ ಮಾತ್ರ ಅದನ್ನು ಇಳಿತ ಎಂದು ಒಪ್ಪಬೇಕು. 10 ಇದ್ದದ್ದು 6 ಆದರೆ ಇಳಿದಿದೆ. 10 ಇದ್ದದ್ದು 8 ಆದರೆ? ಮನೆಯವರಿಗೆ ಸಂತೋಷ, ನಿಯಮದ ಪ್ರಕಾರ ಇದ್ದಲ್ಲೇ ಇದೆ. ಹಳೇ ಗಡ್ಡೆಗಳೆಲ್ಲ ಇಳಿದು, ಮೂಳೆಯಲ್ಲೋ ಲಿವರಿನಲ್ಲೋ ಕ್ಯಾನ್ಸರಿನ ಹೊಸ ಹೊಳಪು ಬಂದಿದ್ದರೆ ಆ ಇಳಿತಕ್ಕೆಲ್ಲ ಬೆಲೆ ಇಲ್ಲ, ರೋಗ ಮುಂದೆ ಹೋಗಿದೆ.

ಬೇರೆ ಬೇರೆ ಕಡೆಯಿಂದ ಬಂದ ಹಳೇ ರಿಪೋರ್ಟ್‌ಗಳನ್ನು ನೋಡುತ್ತಿರುತ್ತೇನೆ. ಕೆಲವದರಲ್ಲಿ ಶುಗರ್ ಎಷ್ಟಿತ್ತು ಎಂದಿಲ್ಲ, ಎಷ್ಟು ನಿಮಿಷಕ್ಕೆ ತೆಗೆದರು ಎಂದಿಲ್ಲ, ಲಿವರಿನ ಸಂಖ್ಯೆಯೂ ಇಲ್ಲ. ಗಡ್ಡೆಯ ಎಸ್‌ಯುವಿ ಮಾತ್ರ ದಪ್ಪ ಅಕ್ಷರದಲ್ಲಿ ಇರುತ್ತದೆ. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಹದಿನೈದು ಇಪ್ಪತ್ತು ಸಾವಿರ ಕೊಟ್ಟು ಮಾಡಿಸಿದ ಸ್ಕ್ಯಾನ್ ಅದು. ಮುಂದಿನವರು ಹೋಲಿಸಲು ಬೇಕಾದ ನಾಲ್ಕು ಸಾಲು ಬರೆಯಲು ಏನು ಕಷ್ಟ? ನಿಮ್ಮಲ್ಲಿ ಯಾರಾದರೂ ಈ ದಾರಿಯಲ್ಲಿದ್ದರೆ ಒಂದು ಮಾತು. ರಿಪೋರ್ಟಿನ ಕಾಗದ ಮಾತ್ರ ಸಾಲದು, ಸಿಡಿ ಕೇಳಿ ತೆಗೆದುಕೊಳ್ಳಿ. ಸಿಡಿ ಇದ್ದರೆ ಹಳೇ ಚಿತ್ರ, ಹೊಸ ಚಿತ್ರ ಅಕ್ಕಪಕ್ಕ ಇಟ್ಟು ಡಾಕ್ಟರ್ ತಾವೇ ಅಳೆಯುತ್ತಾರೆ. ಆದಷ್ಟೂ ಮೊದಲು ಮಾಡಿಸಿದ ಕಡೆಯೇ ಮತ್ತೆ ಮಾಡಿಸಿ.

ಹೇಗೆ ತೆಗೆದದ್ದು ಎಂಬುದಕ್ಕಿಂತ ಯಾವಾಗ ತೆಗೆದದ್ದು ಎಂಬುದು ದೊಡ್ಡದು ಎಂದು ನನಗೆ ಮನವರಿಕೆಯಾದದ್ದು ನಮ್ಮ ಮನೆಯಲ್ಲೇ. ತಿಪಟೂರಿನ ನಮ್ಮ ದೊಡ್ಡಪ್ಪನಿಗೆ ಮೂರನೇ ಹಂತದ ಶ್ವಾಸಕೋಶದ ಕ್ಯಾನ್ಸರ್. ಬೀಡಿ ಬಿಟ್ಟು ವರ್ಷಗಳೇ ಆಗಿದ್ದವು. ಆಪರೇಷನ್ ಆಗುವ ಹಾಗಿರಲಿಲ್ಲ. ಕೀಮೋ ಜೊತೆಗೆ ಆರು ವಾರ ರೇಡಿಯೇಶನ್, ನಮ್ಮ ಕಡೆ 'ಕರೆಂಟ್ ಕೊಡಿಸೋದು' ಅನ್ನುತ್ತಾರೆ. ಅದು ಮುಗಿದು ಒಂದು ತಿಂಗಳು ಚಿಲ್ಲರೆ ಆಗಿತ್ತು. ಕೆಮ್ಮು ಜಾಸ್ತಿಯಾಯಿತು ಎಂದು ಯಾರೋ ಹೇಳಿ ಒಂದು ಸೆಂಟರಿನಲ್ಲಿ ಪೆಟ್ ಮಾಡಿಸಿಬಿಟ್ಟರು. ರಾತ್ರಿ ಅಣ್ಣನ ಫೋನ್. "ಎಲ್ಲಾ ಉರೀತಾ ಇದೆಯಂತೆ ಕಣೇ. ಮೊದಲಿಗಿಂತ ಜಾಸ್ತಿ ಜಾಗ ಇದೆ ಅಂತ ಬರೆದಿದ್ದಾರೆ. ಇಷ್ಟು ಮಾಡಿದ್ದೂ ದಂಡ ಆಯ್ತಲ್ಲ." ಮನೆಯಲ್ಲಿ ಆಗಲೇ ಅಳು ಶುರುವಾಗಿತ್ತು.

ವಾಟ್ಸಾಪಿನಲ್ಲಿ ಚಿತ್ರ ಕಳಿಸಿದ. ಹೊಳಪು ಇತ್ತು, ಸುಳ್ಳಲ್ಲ. ಆದರೆ ಅದರ ಅಂಚು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಶ್ವಾಸಕೋಶದ ಒಂದು ಭಾಗದಿಂದ ಇನ್ನೊಂದಕ್ಕೆ ಗಡಿ ನೋಡದೆ ದಾಟಿತ್ತು. ಕ್ಯಾನ್ಸರ್ ಹಾಗೆ ಗೆರೆ ಎಳೆದುಕೊಂಡು ಬೆಳೆಯುವುದು ಅಪರೂಪ. ಅದು ರೇಡಿಯೇಶನ್ ಕಿರಣ ಹೋದ ದಾರಿಯ ಆಕಾರ. ಆ ದಾರಿಯಲ್ಲಿ ಸುಟ್ಟ ಶ್ವಾಸಕೋಶ ಉರಿಯೂತದಿಂದ ಬಾತಿರುತ್ತದೆ. ಅಲ್ಲಿ ಸೇರುವ ಬಿಳಿ ರಕ್ತಕಣಗಳಿಗೂ ಸಕ್ಕರೆ ಬೇಕು. ಎಫ್‌ಡಿಜಿಗೆ ಕ್ಯಾನ್ಸರ್ ಯಾವುದು, ಗಾಯ ಮಾಯುತ್ತಿರುವುದು ಯಾವುದು ಎಂದು ಗೊತ್ತಾಗುವುದಿಲ್ಲ. ರೇಡಿಯೇಶನ್ ಆದಮೇಲೆ ಸುಮಾರು 12 ವಾರ ಕಾಯಿರಿ ಅನ್ನುವುದು ಇದಕ್ಕೇ. ನಾನು ಅಣ್ಣನಿಗೆ ಇಷ್ಟೇ ಹೇಳಿದೆ, ಈ ಚಿತ್ರ ಇಟ್ಟುಕೊಂಡು ಏನೂ ತೀರ್ಮಾನ ಮಾಡಬೇಡಿ, ರೇಡಿಯೇಶನ್ ಕೊಟ್ಟ ಡಾಕ್ಟರಿಗೇ ತೋರಿಸಿ. ಅವರು ಕೆಮ್ಮಿಗೆ ಸ್ಟೀರಾಯ್ಡ್ ಕೊಟ್ಟರು, ಕಾಯಲು ಹೇಳಿದರು. ಸಮಯ ಆದಮೇಲೆ ತೆಗೆದ ಸ್ಕ್ಯಾನಿನಲ್ಲಿ ಆ ಪಟ್ಟಿ ಮಂಕಾಗಿತ್ತು, ಮೂಲ ಗಡ್ಡೆಯ ಜಾಗವೂ ಆರಿತ್ತು. ರೋಗ ಮುಂದೆ ಮತ್ತೆ ಬಂತು, ಅದು ಬೇರೆ ಮಾತು. ನಡುವೆ ಸಿಕ್ಕ ಆ ಕಾಲದಲ್ಲಿ ದೊಡ್ಡಪ್ಪ ತೋಟಕ್ಕೆ ಹೋಗಿ ಕಾಯಿ ಕೀಳಿಸಿದರು, ಮೊಮ್ಮಗಳ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಉಂಡರು.

2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ ಇದೇ ಥರದ ರೋಗಿಗಳದು. ಮೂರನೇ ಹಂತ, ಕೀಮೋ ಜೊತೆ ರೇಡಿಯೇಶನ್, ಆಮೇಲೆ ಮೂರು ತಿಂಗಳ ಆಸುಪಾಸಿನಲ್ಲಿ ಪೆಟ್. ಚಿಕಿತ್ಸೆಗೆ ಮುಂಚೆ ಗಡ್ಡೆ ಎಷ್ಟು ಹೊಳೆಯುತ್ತಿತ್ತು ಎಂಬುದರಿಂದ ಆಯಸ್ಸಿನ ಬಗ್ಗೆ ಹೆಚ್ಚೇನೂ ಗೊತ್ತಾಗಲಿಲ್ಲ. ಆದಮೇಲೆ ಎಷ್ಟು ಹೊಳಪು ಉಳಿದಿದೆ ಎಂಬುದು ಗೊತ್ತುಮಾಡಿತು. ಜಾಸ್ತಿ ಉಳಿದವರು ಕಡಿಮೆ ಕಾಲ ಬದುಕಿದರು. ಕೀಮೋ ಮಾತ್ರ ತೆಗೆದುಕೊಳ್ಳುವವರಲ್ಲಿ ಸುಳಿವು ಇನ್ನೂ ಬೇಗ ಸಿಗಬಹುದು. 2003ರಲ್ಲಿ ಮ್ಯೂನಿಕ್‌ನ ವೋಲ್ಫ್‌ಗಾಂಗ್ ವೆಬರ್ ತಂಡ 57 ಜನರಿಗೆ ಕೀಮೋದ ಮೊದಲ ಸುತ್ತು (ಸೈಕಲ್) ಆದಕೂಡಲೇ ಪೆಟ್ ಮಾಡಿ ನೋಡಿತ್ತು. ಆಗಲೇ ಹೊಳಪು ಇಳಿದಿದ್ದವರು ಮುಂದೆ ಹೆಚ್ಚು ಕಾಲ ಬದುಕಿದ್ದರು. ಕೀಮೋ ಆದಮೇಲೂ ಕನಿಷ್ಠ ಹತ್ತು ದಿನ ಬಿಡಬೇಕು, ಮುಂದಿನ ಸೈಕಲ್‌ಗೆ ಸ್ವಲ್ಪ ಮುಂಚೆ ಮಾಡಿದರೆ ಒಳ್ಳೆಯದು. ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನು ಮರೆಯದೆ ಹೇಳಬೇಕು. ಅದು ಮೂಳೆಮಜ್ಜೆಯನ್ನು ಎಬ್ಬಿಸುತ್ತದೆ. ಬೆನ್ನುಮೂಳೆ, ಸೊಂಟ ಎಲ್ಲ ಒಂದೇ ಸಮ ಬೆಳಗುತ್ತವೆ, ನೋಡಿದವರ ಎದೆ ಧಸಕ್ಕೆನ್ನಬೇಕು.

ವಿದೇಶದ ನಿಯಮಗಳನ್ನು ಹಾಗೆಹಾಗೇ ನಮ್ಮಲ್ಲಿ ತಂದಿಡಲು ಬಿಡದ ಒಂದು ಕಾಯಿಲೆ ಇದೆ, ಟಿಬಿ. ಟಿಬಿಯ ಗಂಟೂ ಹೊಳೆಯುತ್ತದೆ, ಎಷ್ಟೋ ಸಲ ಕ್ಯಾನ್ಸರಿನಷ್ಟೇ ಜೋರಾಗಿ. ಎದೆಯ ನಡುವಿನ ಗಂಟುಗಳು ಎರಡೂ ಕಡೆ ಸಮನಾಗಿ ಹೊಳೆದರೆ ನಮ್ಮ ಡಾಕ್ಟರುಗಳು ಮೊದಲು ಅನುಮಾನಪಡುವುದೇ ಅದನ್ನು. ಚಿಕಿತ್ಸೆ ನಡೆಯುವಾಗ ಇದು ಇನ್ನೂ ಕಗ್ಗಂಟು. ಮುಖ್ಯ ಗಡ್ಡೆ ಅರ್ಧ ಇಳಿದಿದೆ, ಒಂದು ಗಂಟು ಮಾತ್ರ ಏರಿದೆ. ಔಷಧಿಗೆ ಬಗ್ಗದ ಕ್ಯಾನ್ಸರಾ, ಕೀಮೋದಿಂದ ಶಕ್ತಿ ಕುಂದಿದಾಗ ಎದ್ದು ಕೂತ ಹಳೇ ಟಿಬಿಯಾ? ಸ್ಕ್ಯಾನಿಗೆ ಉತ್ತರ ಗೊತ್ತಿಲ್ಲ. ಗಂಟಲಿನಿಂದ ಟ್ಯೂಬ್ ಇಳಿಸಿ, ಒಳಗಿನಿಂದಲೇ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಲೇಬೇಕು. "ಇಷ್ಟು ದುಬಾರಿ ಸ್ಕ್ಯಾನ್ ಆದಮೇಲೂ ಬಯಾಪ್ಸಿನಾ?" ಎಂದು ಕೇಳುತ್ತಾರೆ. ಹೌದು, ಆದಮೇಲೂ.

ಇಮ್ಯುನೋಥೆರಪಿ ಬಂದಮೇಲೆ ನಾವು ಕಲಿತಿದ್ದ ಲೆಕ್ಕಗಳನ್ನೂ ಸ್ವಲ್ಪ ತಿದ್ದಿಕೊಳ್ಳಬೇಕಾಯಿತು. ಪೆಂಬ್ರೋಲಿಜುಮಾಬ್, ನಿವೋಲುಮಾಬ್ ಥರದ ಔಷಧಿಗಳು ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ. ನಮ್ಮದೇ ರಕ್ಷಣಾ ಕಣಗಳ ಮೇಲಿನ ಬ್ರೇಕ್ ತೆಗೆಯುತ್ತವೆ. ಆ ಕಣಗಳು ಗಡ್ಡೆಯೊಳಗೆ ನುಗ್ಗಿದರೆ ಗಡ್ಡೆ ಸ್ವಲ್ಪ ದಿನ ದೊಡ್ಡದಾಗಿ, ಇನ್ನೂ ಜೋರಾಗಿ ಹೊಳೆಯಬಹುದು. ಆಮೇಲೆ ಕುಗ್ಗಬಹುದು. ಹಾಗಾಗಿ ರೋಗಿ ಚೆನ್ನಾಗಿದ್ದರೆ 4ರಿಂದ 8 ವಾರ ಬಿಟ್ಟು ಮತ್ತೆ ನೋಡಿ ಖಚಿತ ಮಾಡಿಕೊಳ್ಳುವ ಪದ್ಧತಿ ಬಂದಿದೆ. ಇಂಟರ್ನೆಟ್ಟಿನಲ್ಲಿ ಇದನ್ನು ಓದಿದವರು ಏರಿಕೆ ಕಂಡರೆಲ್ಲ "ಇದು ಸುಳ್ಳು ಏರಿಕೆ ಇರಬೇಕು ಅಲ್ವಾ ಮೇಡಂ?" ಎಂದು ಆಸೆಯಿಂದ ಕೇಳುತ್ತಾರೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹಾಗಾಗುವುದು ಅಪರೂಪ. ಹೆಚ್ಚಿನ ಸಲ ಏರಿಕೆ ಅಂದರೆ ಏರಿಕೆಯೇ. ಇದನ್ನು ಹೇಳುವ ಕೆಲಸ ನನ್ನದಲ್ಲ ಎಂಬುದೇ ನನಗೆ ಸಮಾಧಾನ. ಇನ್ನೊಂದು, ಈ ಔಷಧಿಯಲ್ಲಿರುವವರ ಥೈರಾಯ್ಡ್ ಅಥವಾ ಕರುಳು ಹೊಸದಾಗಿ ಹೊಳೆದರೆ ಅದೂ ಒಂದು ಸುದ್ದಿ. ಬ್ರೇಕ್ ತೆಗೆದ ಕಣಗಳು ನಮ್ಮದೇ ಅಂಗದ ಮೇಲೆ ತಿರುಗಿವೆಯಾ ಎಂದು ನೋಡಬೇಕು. ಕೆಲವೊಮ್ಮೆ ಭೇದಿ ಶುರುವಾಗುವ ಮುಂಚೆಯೇ ಕರುಳಿನ ಉರಿಯೂತ ಚಿತ್ರದಲ್ಲಿ ಕಾಣುತ್ತದೆ.

ಮೆದುಳಿನ ಬಗ್ಗೆ ಒಂದೇ ಮಾತು. ಮೆದುಳು ಹೇಗೂ ಸಕ್ಕರೆ ತಿಂದೇ ಬದುಕುವುದು, ಇಡೀ ಮೆದುಳು ಹೊಳೆಯುತ್ತದೆ. ಆ ಬೆಳಕಿನಲ್ಲಿ ಸಣ್ಣ ಗಡ್ಡೆ ಮುಚ್ಚಿಹೋಗುತ್ತದೆ. ಪೆಟ್ ಚೆನ್ನಾಗಿದೆ ಎಂದು ಎಂಆರ್‌ಐ ಬಿಡುವ ಹಾಗಿಲ್ಲ, ಶ್ವಾಸಕೋಶದ ಕ್ಯಾನ್ಸರ್ ಮೆದುಳಿಗೆ ಹೋಗುವುದು ಸಾಮಾನ್ಯ. ಮೂಳೆಗೆ ಹರಡಿದವರಿಗೆ ಟೆಕ್ನೀಶಿಯಂ ಎಂಬ ವಿಕಿರಣ ವಸ್ತು ಕೊಟ್ಟು ಮಾಡುವ ಬೋನ್ ಸ್ಕ್ಯಾನಿನಲ್ಲಿ ಇನ್ನೊಂದು ಉಲ್ಟಾ ಆಟ ಇದೆ. ಅದು ತೋರಿಸುವುದು ಕ್ಯಾನ್ಸರನ್ನಲ್ಲ, ಅದರ ಸುತ್ತ ಮೂಳೆ ತನ್ನನ್ನು ಕಟ್ಟಿಕೊಳ್ಳುವುದನ್ನು. ಔಷಧಿ ಚೆನ್ನಾಗಿ ಕೆಲಸ ಮಾಡಿ ಮೂಳೆ ಮಾಯಲು ಶುರುವಾದರೆ ಮೊದಲ ಎರಡು ಮೂರು ತಿಂಗಳು ಚುಕ್ಕೆಗಳು ರೋಗ ಏರಿದ ಹಾಗೆ ಇನ್ನೂ ಕಪ್ಪಗೆ, ಕೆಲವೊಮ್ಮೆ ಹೊಸದಾಗಿಯೂ ಕಾಣಬಹುದು.

ರಾಣೆಬೆನ್ನೂರಿನ ಅಜ್ಜಿಯ ಸ್ಕ್ಯಾನ್ ಆ ದಿನ ಮಧ್ಯಾಹ್ನ ಚೆನ್ನಾಗಿ ಬಂತು. ಗಡ್ಡೆ ಸಿಟಿಯಲ್ಲಿ ಸುಮಾರು ಅರ್ಧ ಆಗಿತ್ತು, ಪೆಟ್‌ನಲ್ಲಿ ಲಿವರಿಗಿಂತ ಮಂಕು. ಮೆದುಳಿನ ಎಂಆರ್‌ಐ ಕೂಡ ಸ್ವಚ್ಛ. ಆಮೇಲೆಯೂ ಮಾತ್ರೆ ಮುಂದುವರಿಯಿತು. ಒಂದು ಹಂತದಲ್ಲಿ ಡಾಕ್ಟರ್, ಇನ್ನು ಪೆಟ್ ಬೇಡ, ಮೂರು ತಿಂಗಳಿಗೊಮ್ಮೆ ಸಿಟಿ ಸಾಕು, ಅದರಲ್ಲಿ ಅನುಮಾನ ಬಂದರೆ ಮಾತ್ರ ಪೆಟ್ ಎಂದರು. ಮಗ ಒಪ್ಪಲಿಲ್ಲ. ದುಡ್ಡಿನ ಯೋಚನೆ ಬೇಡ, ಪ್ರತಿ ಸಲ ಪೆಟ್ಟೇ ಮಾಡಿ ಎಂದು ಹಟ ಹಿಡಿದ. ಡಾಕ್ಟರ್ ಕೂರಿಸಿಕೊಂಡು ಹೇಳಿದರು. ಎಲ್ಲ ಸರಿಯಿರುವಾಗ ಸುಮ್ನೆ ಹುಡುಕುತ್ತಾ ಹೋದರೆ ಸಣ್ಣ ನ್ಯುಮೋನಿಯಾ, ಹಳೇ ಟಿಬಿಯ ಗಂಟು, ಏನೋ ಒಂದು ಹೊಳೆದೇ ಹೊಳೆಯುತ್ತದೆ. ಅದರ ಹಿಂದೆ ಬಯಾಪ್ಸಿ, ಅದರ ಹಿಂದೆ ನಿದ್ದೆ ಇಲ್ಲದ ರಾತ್ರಿ. ವಿಕಿರಣವೂ ಸುಮ್ಮನೆ ಸೇರುತ್ತದೆ. ಮಗ ಅರೆಮನಸ್ಸಿನಲ್ಲಿ ತಲೆಯಾಡಿಸಿದ.

ಅಜ್ಜಿಗೆ ಇದೆಲ್ಲದರಲ್ಲಿ ಒಂದೇ ವಿಷಯ ಇಷ್ಟವಾದದ್ದು. ಹೋಗುವಾಗ ನನ್ನ ಹತ್ತಿರ ಬಂದು ಕೇಳಿದರು, "ಹಂಗಾದ್ರ ಇನ್ ಮ್ಯಾಲ ಚಾ ಕುಡದ ಬರಬೌದಲ್ರಿ?"

ಕಾಂಟ್ರಾಸ್ಟ್ ಹಾಕುವ ಸಿಟಿಗೂ ನಾಲ್ಕು ಗಂಟೆ ಹೊಟ್ಟೆ ಖಾಲಿ ಇರಬೇಕು ಅಜ್ಜಿ, ನಮ್ಮಲ್ಲಿ ಹಾಗೇ ಹೇಳುವುದು ಎಂದೆ. ನನ್ನನ್ನು ಒಂದು ಸಲ ಗುರಾಯಿಸಿ, ಮಗನ ಕೈ ಹಿಡಿದು ಕ್ಯಾಂಟೀನ್ ಕಡೆ ಹೊರಟರು.